ಬಯಾಲಜಿಯವರ ಕಲಿಕೆಗೊಂದು ಪುಟ್ಟ ಕ್ಲಸ್ಟರ್: ನಾಲ್ಕು ಹಳೇ ಪಿಸಿ, ಒಂದು ಸ್ವಿಚ್

ಲ್ಯಾಬಿನ ಮೂಲೆ ಸೇರಿದ್ದ ನಾಲ್ಕು ಹಳೇ ಡೆಸ್ಕ್‌ಟಾಪ್‌ಗಳನ್ನು ಜೋಡಿಸಿ ಒಂದು ಕ್ಲಸ್ಟರ್, ಅಂದರೆ ಒಂದೇ ಯಂತ್ರದಂತೆ ಕೆಲಸ ಮಾಡುವ ಕಂಪ್ಯೂಟರ್‌ಗಳ ಗುಂಪು, ಕಟ್ಟಿದ್ದೇವೆ. ಸಂಶೋಧನೆಯ ಕೆಲಸಕ್ಕಲ್ಲ, ಕಲಿಸುವುದಕ್ಕೆ. ಕಲಿಯಲು ಬರುವವರು ಪಿಎಚ್‌ಡಿ ಮಾಡುತ್ತಿರುವವರು, ಪ್ರಾಜೆಕ್ಟ್ ಅಸಿಸ್ಟೆಂಟ್‌ಗಳು. ಡಿಎನ್‌ಎ ತೆಗೆಯುವುದು, ಪಿಸಿಆರ್ ಇಡುವುದು, ಜೆಲ್ ನೋಡಿ ತಪ್ಪು ಹಿಡಿಯುವುದು ಇವರಿಗೆ ನೀರು ಕುಡಿದಷ್ಟು ಸಲೀಸು. ಆದರೆ ಸೀಕ್ವೆನ್ಸಿಂಗ್ ಮುಗಿದು, ಓದಿದ ಡಿಎನ್‌ಎ ತುಣುಕುಗಳಿರುವ ಫಾಸ್ಟ್‌ಕ್ಯೂ ಫೈಲುಗಳು ಕೈಗೆ ಬಂದ ದಿನ ಕೆಲಸ ನಿಂತುಬಿಡುತ್ತದೆ.

ಹಾಗಂತ ಬೆಂಗಳೂರಿನಲ್ಲಿ ದೊಡ್ಡ ಯಂತ್ರಗಳಿಗೆ ಬರವಿಲ್ಲ. ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ 2015ರಲ್ಲಿ 4,500 ಕೋಟಿ ರೂಪಾಯಿಯೊಂದಿಗೆ ಶುರುವಾಯಿತು. ಅದರ ಅಡಿಯಲ್ಲಿ 3.3 ಪೆಟಾಫ್ಲಾಪ್ ವೇಗದ ಸೂಪರ್‌ಕಂಪ್ಯೂಟರ್ ಪರಮ್ ಪ್ರವೇಗ 2022ರಲ್ಲಿ ಐಐಎಸ್‌ಸಿಗೆ ಬಂತು. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯ ಪರಮ್ ಉತ್ಕರ್ಷ ಕೂಡ ಇದೇ ಊರಿನಲ್ಲಿದೆ. ಡೇಟಾ ಅಂತೂ ಕೇಳಲೇಬೇಡಿ. 10,000 ಭಾರತೀಯರ ಜೀನೋಮ್ ಓದಿದ ಜೀನೋಮ್ ಇಂಡಿಯಾ ಯೋಜನೆಯನ್ನು ಮುಂದೆ ನಿಂತು ನಡೆಸಿದ್ದು ಐಐಎಸ್‌ಸಿಯ ಸೆಂಟರ್ ಫಾರ್ ಬ್ರೇನ್ ರಿಸರ್ಚ್. ಎಂಎಲ್-365 ರಾಗಿ ತಳಿಯ ಜೀನೋಮನ್ನು ಇಲ್ಲಿನ ಕೃಷಿ ವಿಶ್ವವಿದ್ಯಾಲಯದ ತಂಡ 2017ರಲ್ಲೇ ಪ್ರಕಟಿಸಿದೆ.

ಯಂತ್ರ ಇದೆ, ಡೇಟಾ ಇದೆ. ನಡುವೆ ಇರಬೇಕಾದ ಅಭ್ಯಾಸ ಇಲ್ಲ. ದೊಡ್ಡ ಕ್ಲಸ್ಟರ್‌ನಲ್ಲಿ ಮೊದಲ ವಾರವೇ ಎಲ್ಲರೂ ಒಳಬರುವ ಕಂಪ್ಯೂಟರ್ ಆದ ಲಾಗಿನ್ ನೋಡ್ ಮೇಲೆ ಭಾರಿ ಪ್ರೋಗ್ರಾಂ ಹಾಕಿ ಅಡ್ಮಿನ್ ಕಡೆಯಿಂದ ಎಚ್ಚರಿಕೆ ಮೇಲ್ ಬಂದರೆ, ಆಮೇಲೆ ಕೀಬೋರ್ಡ್ ಮುಟ್ಟಲೂ ಭಯ. ಭಯವಿಲ್ಲದೆ ಕೆಡಿಸಬಹುದಾದ ಒಂದು ಯಂತ್ರ ಬೇಕಿತ್ತು. ಕ್ಯೂ ಇರಬೇಕು, ಮಿತಿ ಇರಬೇಕು, ಜಾಬ್ (ಯಂತ್ರಕ್ಕೆ ಒಪ್ಪಿಸಿದ ಕೆಲಸ) ಸಾಯಬೇಕು, ಯಾಕೆ ಸತ್ತಿತು ಅಂತ ಕಾಣಬೇಕು. ದೊಡ್ಡದರಲ್ಲಿ ಇರುವ ಸಾಫ್ಟ್‌ವೇರೇ ಇಲ್ಲಿಯೂ ಇರಬೇಕು. ಇಲ್ಲಿ ಕಲಿತ ಕಮಾಂಡ್ ಅಲ್ಲಿಯೂ ನಡೆಯಬೇಕು. ಇಷ್ಟೇ ನಮ್ಮ ಬೇಡಿಕೆ.

ಸಾಮಾನು ಮತ್ತು ಜೋಡಣೆ

ನಾಲ್ಕೂ ಪಿಸಿಗಳು ನಾಲ್ಕು ಕೋರ್‌ನ ಐ5, ತಲಾ 16 ಜಿಬಿ ರ‍್ಯಾಮ್. ಒಂದು ಹೆಡ್ ನೋಡ್, ಅಂದರೆ ಉಳಿದವನ್ನು ನಡೆಸುವ ಯಂತ್ರ. ಉಳಿದ ಮೂರು ಲೆಕ್ಕ ಮಾಡುವ ನೋಡ್‌ಗಳು. ಹೆಡ್ ನೋಡ್‌ಗೆ ಎರಡು 2 ಟಿಬಿ ಡಿಸ್ಕ್ ಹಾಕಿ ಒಂದರ ನಕಲು ಇನ್ನೊಂದರಲ್ಲಿ ಇರುವಂತೆ ರೇಡ್ 1 ಮಾಡಿದೆವು. ಉಳಿದವಕ್ಕೆ ಸಣ್ಣ ಎಸ್‌ಎಸ್‌ಡಿ. ಗಿಗಾಬಿಟ್ ಸ್ವಿಚ್, ಕೇಬಲ್, ಆರ್‌ಜೆ45 ಕನೆಕ್ಟರ್‌ಗಳು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌ಪಿ ರೋಡಿನಿಂದ ಬಂದವು. ಹೆಡ್ ನೋಡ್ ಮತ್ತು ಸ್ವಿಚ್ ಯುಪಿಎಸ್ ಮೇಲೆ ಇವೆ. ಉಳಿದ ಮೂರಕ್ಕೂ ಯುಪಿಎಸ್ ಕೊಡುವಷ್ಟು ಹಣ ಇರಲಿಲ್ಲ. ಅದರ ಕಥೆ ಮುಂದೆ ಬರುತ್ತದೆ.

ಆಪರೇಟಿಂಗ್ ಸಿಸ್ಟಂ ರಾಕಿ ಲಿನಕ್ಸ್ 9. ಜಾಬ್ ಹಂಚಲು ಸ್ಲರ್ಮ್, ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದದ್ದೆಲ್ಲ ಒಂದೇ ಕಟ್ಟಿನಲ್ಲಿರುವ ಕಂಟೇನರ್‌ಗೆ ಅಪ್ಟೈನರ್, ಹೋಮ್ ಫೋಲ್ಡರ್ ಮತ್ತು ಡೇಟಾ ಹಂಚಲು ಎನ್‌ಎಫ್‌ಎಸ್. ಇನ್‌ಸ್ಟಾಲ್ ಮಾಡುವ ವಿಧಾನ ಎಲ್ಲ ಕಡೆ ಸಿಗುತ್ತದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಮೂರು ವಿಷಯ ಮೊದಲೇ ನೋಡಿಕೊಳ್ಳಿ. ಬಳಕೆದಾರರ ಐಡಿ ಸಂಖ್ಯೆಗಳು ಎಲ್ಲ ನೋಡ್‌ಗಳಲ್ಲೂ ಒಂದೇ ಇರಬೇಕು. ಮಂಜ್ ಅನ್ನುವ ಗುರುತು ಪರಿಶೀಲಿಸುವ ಪ್ರೋಗ್ರಾಂನ ಕೀಲಿ ಫೈಲ್ ಎಲ್ಲ ಕಡೆ ಒಂದೇ ಇರಬೇಕು, ಅದನ್ನು ಮಂಜ್ ಬಿಟ್ಟು ಬೇರೆ ಯಾರೂ ಓದುವಂತಿರಬಾರದು. ಒಳಗಿನ ನೆಟ್‌ವರ್ಕನ್ನು ಫೈರ್‌ವಾಲ್‌ನ ನಂಬಿಕೆಯ ವಲಯಕ್ಕೆ ಸೇರಿಸಿ. ಸ್ಲರ್ಮ್‌ನ 6817, 6818 ಪೋರ್ಟ್ ಮಾತ್ರ ತೆರೆದರೆ ಬ್ಯಾಚ್ ಜಾಬ್ ನಡೆಯುತ್ತದೆ, ಆದರೆ ಜಾಬನ್ನು ನೇರವಾಗಿ ಓಡಿಸಿ ಉತ್ತರ ತೋರಿಸುವ ಎಸ್‌ರನ್ ಕಮಾಂಡ್ ಸುಮ್ನೆ ನಿಂತುಬಿಡುತ್ತದೆ. ನೋಡ್‌ಗಳು ಎಸ್‌ರನ್‌ಗೆ ಉತ್ತರ ಕೊಡುವುದು ಬೇರೆ ಬೇರೆ ಪೋರ್ಟ್‌ಗಳಲ್ಲಿ.

ಮೊದಲ ರಿಪೇರಿ ಕೇಬಲ್‌ದು. ಎರಡನೇ ನೋಡ್‌ನಲ್ಲಿ ಮಾತ್ರ ಫೈಲ್ ಓದುವುದು ತುಂಬಾ ನಿಧಾನ. ಎನ್‌ಎಫ್‌ಎಸ್ ಸೆಟ್ಟಿಂಗ್ ಎಲ್ಲ ಕಡೆ ಒಂದೇ. ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ಹಾಕಿ ನೋಡಿದರೆ ಉಳಿದವು ಸೆಕೆಂಡಿಗೆ 940 ಮೆಗಾಬಿಟ್ ಆಸುಪಾಸು, ಇದು ಮಾತ್ರ 94. ಸಂಖ್ಯೆ ನೋಡಿದ ಕೂಡಲೇ ವಿಷಯ ಗೊತ್ತಾಗುತ್ತದೆ. ಲಿಂಕ್ 100 ಮೆಗಾಬಿಟ್‌ಗೆ ಇಳಿದಿದೆ. ಲಿಂಕ್‌ನ ಸ್ಥಿತಿ ತೋರಿಸುವ ಈಥ್‌ಟೂಲ್ ಕೂಡ ಅದನ್ನೇ ಹೇಳಿತು. ಗಿಗಾಬಿಟ್‌ಗೆ ಕೇಬಲ್‌ನ ನಾಲ್ಕು ಜೋಡಿ ತಂತಿಯೂ ಬೇಕು, 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು. ಅಂದರೆ ಎಲ್ಲೋ ಒಂದು ತಂತಿ ಮುಟ್ಟುತ್ತಿಲ್ಲ. ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದರೆ ಕಂದು ಬಣ್ಣದ ತಂತಿ ತುದಿವರೆಗೂ ಹೋಗೇ ಇರಲಿಲ್ಲ. ತುದಿ ಕತ್ತರಿಸಿ, ಎಂಟೂ ತಂತಿಗಳನ್ನು ಸಮ ಮಾಡಿ, ಹೊಸ ಕನೆಕ್ಟರ್ ಕ್ರಿಂಪ್ ಮಾಡಿದ ಮೇಲೆ 940ಕ್ಕೆ ಬಂತು. ಆ ಕತ್ತರಿಸಿದ ತುದಿಯನ್ನು ಈಗ ತರಗತಿಯಲ್ಲಿ ಕೈಯಿಂದ ಕೈಗೆ ಕೊಡುತ್ತೇವೆ. "ನನ್ನ ಪ್ರೋಗ್ರಾಂ ನಿಧಾನ" ಅನ್ನುವ ದೂರಿನ ಹಿಂದೆ ಇಂಥದ್ದೂ ಇರಬಹುದು ಅಂತ ತೋರಿಸಲು ಅದಕ್ಕಿಂತ ಒಳ್ಳೆಯ ವಸ್ತು ಇಲ್ಲ.

ಕರೆಂಟ್ ಹೋಗಿ ಬಂದಾಗ

ಮಳೆಗಾಲದ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಬಂದ ಮೇಲೆ ಎರಡು ನೋಡ್‌ಗಳು ಎದ್ದವು. ಮೂರನೆಯದು ಆನ್ ಆಗಿತ್ತು, ಪಿಂಗ್‌ಗೆ ಉತ್ತರ ಕೊಡುತ್ತಿತ್ತು, ಆದರೆ ನೋಡ್‌ಗಳ ಸ್ಥಿತಿ ಹೇಳುವ ಎಸ್‌ಇನ್ಫೋ ಅದನ್ನು ಡೌನ್ ಅಂತಲೇ ತೋರಿಸುತ್ತಿತ್ತು. ಲಾಗ್ ತೆಗೆದರೆ ಮಂಜ್ ಗುರುತಿನ ಚೀಟಿಯನ್ನು ತಿರಸ್ಕರಿಸುತ್ತಿದೆ. ಕೀಲಿ ಸರಿ ಇದೆ, ಪರ್ಮಿಷನ್ ಸರಿ ಇದೆ. ಡೇಟ್ ಕಮಾಂಡ್ ಹಾಕಿದಾಗ ಗುಟ್ಟು ಗೊತ್ತಾಯಿತು. ಆ ಪಿಸಿಯ ಪ್ರಕಾರ ಇನ್ನೂ ಎಷ್ಟೋ ವರ್ಷ ಹಿಂದಿನ ಜನವರಿ 1.

ಮಂಜ್ ಕೊಡುವ ಚೀಟಿಗೆ ಸಾಮಾನ್ಯವಾಗಿ ಐದೇ ನಿಮಿಷ ಆಯುಷ್ಯ. ಚೀಟಿ ಕೊಟ್ಟ ಯಂತ್ರದ ಗಡಿಯಾರವೂ ಓದುವ ಯಂತ್ರದ ಗಡಿಯಾರವೂ ಹೊಂದದಿದ್ದರೆ ಅದು ಚೀಟಿಯನ್ನು ನಂಬುವುದಿಲ್ಲ. ನಂಬಬಾರದು ಕೂಡ. ಹಳೇ ಮದರ್‌ಬೋರ್ಡ್‌ನ ಸೆಲ್ ಸತ್ತಿತ್ತು. ಪ್ಲಗ್‌ನಲ್ಲಿ ಕರೆಂಟ್ ಇರುವವರೆಗೆ ಅದು ಯಾರಿಗೂ ಗೊತ್ತಾಗುವುದಿಲ್ಲ. ಸಿಆರ್2032 ಸೆಲ್ ಬದಲಿಸಿದೆವು. ಉಳಿದ ಮೂರರದ್ದೂ ಅದೇ ವಯಸ್ಸು, ಹಾಗಾಗಿ ಅವಕ್ಕೂ ಹೊಸದು ಹಾಕಿದೆವು.

ಸೆಲ್ ಒಂದೇ ಸಾಲದು. ಗಡಿಯಾರ ಹೊಂದಿಸುವ ಕ್ರೋನಿ ಮೊದಲಿನಿಂದಲೂ ಹೊರಗಿನ ಸಮಯ ಸರ್ವರ್‌ಗಳನ್ನು ಹುಡುಕುವಂತೆ ಬರುತ್ತದೆ. ನಮ್ಮ ಲೆಕ್ಕದ ನೋಡ್‌ಗಳಿಗೆ ಹೊರಗಿನ ದಾರಿ ಇಲ್ಲ. ಈಗ ಹೆಡ್ ನೋಡೇ ಸಮಯ ಕೊಡುತ್ತದೆ, ಇಂಟರ್ನೆಟ್ ಇಲ್ಲದಿದ್ದರೂ ಕೊಡುತ್ತದೆ, ಉಳಿದವು ಅದನ್ನು ಮಾತ್ರ ಕೇಳುತ್ತವೆ. ಇನ್ನೊಂದು ವಿಷಯ. ಹೇಳದೆ ಕೇಳದೆ ರೀಬೂಟ್ ಆದ ನೋಡನ್ನು ಸ್ಲರ್ಮ್ ತಾನಾಗಿ ವಾಪಸ್ ಸೇರಿಸಿಕೊಳ್ಳಬೇಕಾದರೆ ರಿಟರ್ನ್‌ಟುಸರ್ವಿಸ್ ಸೆಟ್ಟಿಂಗ್‌ನ ಮೌಲ್ಯ 2 ಇರಬೇಕು. ದೊಡ್ಡ ಕೇಂದ್ರಗಳಲ್ಲಿ ಅಡ್ಮಿನ್ ನೋಡಿ ಒಪ್ಪಿದ ಮೇಲೆ ಸೇರಿಸುವುದು ಸರಿ. ಕರೆಂಟ್ ಆಗಾಗ ಹೋಗುವ ತರಗತಿ ಕೋಣೆಗೆ 2 ಸರಿ.

ಕ್ಯೂ ಮತ್ತು ಮೆಮೊರಿ

ಮೊದಲ ದಿನ ಅತಿ ಹೆಚ್ಚು ಹೊತ್ತು ತಿಂದದ್ದು ಸಾಲಿನ ಕೊನೆಯ ಕಾಣದ ಅಕ್ಷರ. ವಿಂಡೋಸ್ ನೋಟ್‌ಪ್ಯಾಡ್‌ನಲ್ಲಿ ಬರೆದ ಸ್ಕ್ರಿಪ್ಟ್‌ನಲ್ಲಿ ಪ್ರತಿ ಸಾಲಿನ ಕೊನೆಗೆ ಎರಡು ಗುರುತು ಇರುತ್ತವೆ, ಲಿನಕ್ಸ್‌ಗೆ ಬೇಕಾದದ್ದು ಒಂದೇ. ಜಾಬನ್ನು ಕ್ಯೂಗೆ ಸೇರಿಸುವ ಎಸ್‌ಬ್ಯಾಚ್ ಇದನ್ನು ಗುರುತಿಸಿ, ಡಾಸ್ ಶೈಲಿಯ ಸಾಲುಗಳಿವೆ ಅಂತ ನೇರವಾಗಿ ಹೇಳಿ ಜಾಬನ್ನು ವಾಪಸ್ ಕಳಿಸುತ್ತದೆ. ಡಾಸ್2ಯುನಿಕ್ಸ್ ಒಂದು ಸಲ ಹಾಕಿದರೆ ಆಯಿತು. ವರ್ಡ್‌ನಿಂದ ಅಥವಾ ವಾಟ್ಸಾಪ್‌ನಿಂದ ನಕಲು ಮಾಡಿದವರದ್ದು ಇನ್ನೂ ಕಷ್ಟ. ಎರಡು ಸಣ್ಣ ಗೆರೆಗಳು ಸೇರಿ ಒಂದು ಉದ್ದ ಗೆರೆ ಆಗಿರುತ್ತದೆ, ನೇರ ಉದ್ಧರಣ ಚಿಹ್ನೆ ಬಾಗಿರುತ್ತದೆ. ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಈಗ ಎಲ್ಲರೂ ನ್ಯಾನೋ ಎಡಿಟರ್‌ನಲ್ಲಿ, ಕ್ಲಸ್ಟರ್ ಮೇಲೆಯೇ ಬರೆಯುತ್ತಾರೆ.

ಕ್ಯೂ ಹೇಗೆ ನಡೆಯುತ್ತದೆ ಅನ್ನುವುದನ್ನು ಊಟದ ಹೋಟೆಲ್ ಉದಾಹರಣೆಯಿಂದ ಹೇಳಿಕೊಡುತ್ತೇನೆ. ಭಾನುವಾರ ಆರು ಜನರ ಕುಟುಂಬ ದೊಡ್ಡ ಟೇಬಲ್‌ಗೆ ಕಾಯುತ್ತಿದೆ. ಅಲ್ಲಿ ಈಗ ಎರಡು ಕುರ್ಚಿ ಮಾತ್ರ ಖಾಲಿ, ಉಳಿದವರ ಊಟ ಮುಗಿಯಲು ಇನ್ನೂ ಹೊತ್ತಿದೆ. ಹಿಂದೆ ನಿಂತ ಇಬ್ಬರು "ಬರೀ ಕಾಫಿ" ಅಂದರೆ ಮಾಲೀಕರು ಅವರನ್ನು ಕೂರಿಸುತ್ತಾರೆ. ಕುಟುಂಬದ ಸರದಿ ಬರುವಷ್ಟರಲ್ಲಿ ಅವರು ಎದ್ದು ಹೋಗಿರುತ್ತಾರೆ. ಸ್ಲರ್ಮ್‌ನ ಬ್ಯಾಕ್‌ಫಿಲ್ ಮಾಡುವುದು ಇದನ್ನೇ. ಜಾಬ್‌ಗೆ ಎಷ್ಟು ಹೊತ್ತು ಬೇಕು ಅಂತ ನಿಜ ಹೇಳಿದವರಿಗೆ ಮಾತ್ರ ಈ ಲಾಭ. ಹತ್ತು ನಿಮಿಷದ ಕೆಲಸಕ್ಕೆ ಎರಡು ದಿನ ಬರೆದರೆ ನಿಮ್ಮನ್ನು ಖಾಲಿ ಜಾಗದಲ್ಲಿ ಕೂರಿಸಲು ಅದಕ್ಕೆ ಆಗುವುದೇ ಇಲ್ಲ. ಇದನ್ನು ಹೇಳಿ ಬಿಡುವುದಿಲ್ಲ. ಕ್ಯೂ ತುಂಬಿಸಿ, ಒಂದೇ ಜಾಬನ್ನು ಎರಡು ಸಮಯ ಮಿತಿಯಲ್ಲಿ ಹಾಕಿಸಿ, ಯಾವುದು ಮುಂದೆ ಹೋಗುತ್ತದೆ ಅಂತ ಅವರ ಕೈಯಲ್ಲೇ ನೋಡಿಸುತ್ತೇವೆ.

ಮೆಮೊರಿ ಮಿತಿಗೆ ಸ್ವಲ್ಪ ಕೆಲಸ ಮಾಡಬೇಕು. ಸ್ಲರ್ಮ್‌ಗೆ 4 ಜಿಬಿ ಕೇಳಿ 12 ಜಿಬಿ ಬಳಸಿದರೂ ಯಾರೂ ತಡೆಯದೇ ಇರಬಹುದು. ಲಿನಕ್ಸ್‌ನ ಮಿತಿ ಹಾಕುವ ವ್ಯವಸ್ಥೆ ಸಿಗ್ರೂಪ್ ಮೂಲಕ ರ‍್ಯಾಮ್ ಮಿತಿಯನ್ನು ಕಡ್ಡಾಯ ಮಾಡಬೇಕು. ರ‍್ಯಾಮ್ ಸಾಲದಾಗ ಡಿಸ್ಕ್‌ನಲ್ಲಿ ಬಳಸುವ ಸ್ವಾಪ್‌ಗೂ ಮಿತಿ ಹಾಕಬೇಕು, ಇಲ್ಲದಿದ್ದರೆ ಜಾಬ್ ಸಾಯುವ ಬದಲು ಡಿಸ್ಕ್‌ಗೆ ಜಾರಿ ಗಂಟೆಗಟ್ಟಲೆ ತೆವಳುತ್ತದೆ, ಕಲಿಯುವವರಿಗೆ ಏನಾಯಿತು ಅಂತ ತಿಳಿಯುವುದಿಲ್ಲ. ಹಾಗೇ ನೋಡ್‌ನ ಮೆಮೊರಿಯನ್ನು ಪೂರ್ತಿ 16 ಜಿಬಿ ಅಂತ ಬರೆಯಬೇಡಿ. ಲಿನಕ್ಸ್‌ಗೆ ಕಾಣುವುದು ಅದಕ್ಕಿಂತ ಸ್ವಲ್ಪ ಕಡಿಮೆ, ಬರೆದದ್ದಕ್ಕಿಂತ ಕಡಿಮೆ ಕಂಡರೆ ಸ್ಲರ್ಮ್ ಆ ನೋಡನ್ನು ಕೆಲಸದಿಂದ ತೆಗೆದುಬಿಡುತ್ತದೆ. ನೋಡ್‌ನಲ್ಲಿ ಸ್ಲರ್ಮ್‌ಡಿಯನ್ನು ದೊಡ್ಡ ಸಿ ಆಯ್ಕೆಯೊಂದಿಗೆ ಕರೆದರೆ ಸರಿಯಾದ ಸಂಖ್ಯೆಯನ್ನು ಅದೇ ಬರೆದು ಕೊಡುತ್ತದೆ. ಅದಕ್ಕಿಂತ ಕೆಲವು ನೂರು ಎಂಬಿ ಕಡಿಮೆ ಹಾಕಿ.

ಇದೆಲ್ಲ ಆದ ಮೇಲೆ ಒಳ್ಳೆಯ ಪಾಠ ಸಿಕ್ಕಿದ್ದು ಜೀನೋಮ್ ಫೈಲುಗಳನ್ನು ನಿರ್ವಹಿಸುವ ಸ್ಯಾಮ್‌ಟೂಲ್ಸ್‌ನಿಂದ. ರಾಗಿ ಮೇಲೆ ಕೆಲಸ ಮಾಡುವ ಒಬ್ಬರು ಜಾಬ್‌ಗೆ 4 ಕೋರ್, 4 ಜಿಬಿ ಕೇಳಿದ್ದರು. ಜೀನೋಮ್‌ಗೆ ಹೊಂದಿಸಿದ ರೀಡ್‌ಗಳು (ಸೀಕ್ವೆನ್ಸರ್ ಓದಿದ ಡಿಎನ್‌ಎ ತುಣುಕುಗಳು) ಇರುವ ಬ್ಯಾಮ್ ಫೈಲನ್ನು ಜೋಡಿಸುವ ಸಾರ್ಟ್ ಕಮಾಂಡ್‌ಗೆ 4 ಥ್ರೆಡ್ (ಒಟ್ಟಿಗೆ ನಡೆಯುವ ಕೆಲಸದ ಎಳೆಗಳು), 2 ಜಿಬಿ ಅಂತ ಬರೆದಿದ್ದರು.

"ಸರ್, ನಾನು ಕೇಳಿದ್ದೇ 4 ಜಿಬಿ. ಸಾರ್ಟ್‌ಗೆ ಕೊಟ್ಟದ್ದು ಬರೀ 2. ಆದರೂ ಕೊಂದಿದೆ."

"ಮ್ಯಾನ್ಯುವಲ್‌ನಲ್ಲಿ ಆ 2 ಜಿಬಿ ಯಾವುದಕ್ಕೆ ಅಂತ ಬರೆದಿದೆ ನೋಡಿ, ಮೇಡಂ."

ಅವರು ಓದಿದರು. ಪ್ರತಿ ಥ್ರೆಡ್‌ಗೆ. ನಾಲ್ಕು ಥ್ರೆಡ್, ತಲಾ 2 ಜಿಬಿ, ಒಟ್ಟು 8. ಏನೂ ಹೇಳದಿದ್ದರೆ ಸಾರ್ಟ್ ತಾನಾಗಿ ಥ್ರೆಡ್‌ಗೆ 768 ಎಂಬಿ ತೆಗೆದುಕೊಳ್ಳುತ್ತದೆ. ಅದೂ ನಾಲ್ಕರಿಂದ ಗುಣಿಸಿದರೆ 3 ಜಿಬಿ. ಮುಗಿದ ಜಾಬ್‌ಗಳ ದಾಖಲೆ ತೋರಿಸುವ ಎಸ್‌ಅಕೌಂಟ್ ತೆಗೆದು ನೋಡಿದಾಗ ಮೆಮೊರಿ ಮುಗಿದು ಸತ್ತಿದೆ ಅಂತ ಸ್ಥಿತಿ ಕಾಲಂನಲ್ಲೇ ಇತ್ತು. ಅವರು ಥ್ರೆಡ್‌ಗೆ 700 ಎಂಬಿ ಮಾಡಿ ಮತ್ತೆ ಹಾಕಿದರು, ಮುಗಿಯಿತು. ಇಂಥ ಸಾವನ್ನು ಒಮ್ಮೆ ತಾವೇ ಬಿಡಿಸಿಕೊಂಡವರು ಆಮೇಲೆ "ಸರ್ವರ್ ಸರಿ ಇಲ್ಲ" ಅನ್ನುವುದಿಲ್ಲ. ನೇರವಾಗಿ ಎಸ್‌ಅಕೌಂಟ್ ನೋಡುತ್ತಾರೆ.

ಕಂಟೇನರ್

ಪ್ರೋಗ್ರಾಂಗಳನ್ನು ಇನ್‌ಸ್ಟಾಲ್ ಮಾಡುವ ಕೋಂಡಾ ಬಿಟ್ಟು ಕಂಟೇನರ್ ಯಾಕೆ ಅಂತ ಮೊದಲೇ ಕೇಳುತ್ತಾರೆ. ಕೋಂಡಾ ಕೆಟ್ಟದ್ದಲ್ಲ, ಜೀವಶಾಸ್ತ್ರದ ಪ್ರೋಗ್ರಾಂಗಳನ್ನು ಕೊಡುವ ಬಯೋಕೋಂಡಾ ಇಲ್ಲದೆ ನಮ್ಮ ಕ್ಷೇತ್ರವೇ ನಡೆಯುತ್ತಿರಲಿಲ್ಲ. ಸಿದ್ಧ ಕಂಟೇನರ್‌ಗಳ ಸಂಗ್ರಹ ಬಯೋಕಂಟೇನರ್ಸ್‌ನ ಬಹುಪಾಲು ಕಂಟೇನರ್‌ಗಳೂ ಅದರ ಪ್ಯಾಕೇಜ್‌ಗಳಿಂದಲೇ ತಯಾರಾಗುತ್ತವೆ. ಆದರೆ ಒಂದು ಕೋಂಡಾ ಪರಿಸರ ಅಂದರೆ ಸಾವಿರಾರು ಸಣ್ಣ ಫೈಲು. ಎನ್‌ಎಫ್‌ಎಸ್ ಮೇಲೆ ಹನ್ನೆರಡು ಜನ ಒಟ್ಟಿಗೆ ಶುರು ಮಾಡಿದರೆ ಹೆಡ್ ನೋಡ್ ಏದುಸಿರು ಬಿಡುತ್ತದೆ. ಅಪ್ಟೈನರ್‌ನ ಸಿಫ್ ಅಂದರೆ ಒಂದೇ ಫೈಲು, ಓದಲು ಮಾತ್ರ. ನಕಲು ಮಾಡಬಹುದು, ಚೆಕ್‌ಸಮ್ (ಫೈಲು ಬದಲಾಗಿದೆಯೇ ಅಂತ ಹೇಳುವ ಗುರುತಿನ ಸಂಖ್ಯೆ) ತೆಗೆಯಬಹುದು, ಪ್ರಬಂಧದ ಜೊತೆ ಇಡಬಹುದು.

ಹೆಸರಾದ ಕಂಟೇನರ್ ಸಾಫ್ಟ್‌ವೇರ್ ಡಾಕರ್ ಯಾಕಿಲ್ಲ ಅನ್ನುವುದು ಎರಡನೇ ಪ್ರಶ್ನೆ. ಸಾಮಾನ್ಯ ಡಾಕರ್ ವ್ಯವಸ್ಥೆಯಲ್ಲಿ ಹಿಂದೆ ನಡೆಯುವ ಡೀಮನ್ ರೂಟ್ ಅಧಿಕಾರದಲ್ಲಿ, ಅಂದರೆ ಯಂತ್ರದ ಮೇಲಿನ ಪೂರ್ತಿ ಅಧಿಕಾರದಲ್ಲಿ ಇರುತ್ತದೆ. ಅದನ್ನು ಬಳಸಲು ಬಿಟ್ಟರೆ ಆ ನೋಡ್‌ನ ಮೇಲೆ ರೂಟ್ ಅಧಿಕಾರ ಕೊಟ್ಟ ಹಾಗೆ. ನೂರಾರು ಜನ ಹಂಚಿಕೊಳ್ಳುವ ಯಂತ್ರದಲ್ಲಿ ಇದು ಆಗದ ಮಾತು. ಇದೇ ಕಾರಣಕ್ಕೆ 2015ರಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಸಿಂಗ್ಯುಲಾರಿಟಿ ಹುಟ್ಟಿತು. 2021ರಲ್ಲಿ ಲಿನಕ್ಸ್ ಫೌಂಡೇಶನ್ ಸೇರುವಾಗ ಅದು ಅಪ್ಟೈನರ್ ಆಯಿತು. ಅಪ್ಟೈನರ್ ಒಳಗೆ ನೀವು ಹೊರಗೆ ಯಾರೋ ಅವರೇ. ಹಳೇ ಟಿಪ್ಪಣಿಗಳಲ್ಲಿ ಸಿಂಗ್ಯುಲಾರಿಟಿ ಅಂತ ಕಂಡರೆ ಗಾಬರಿ ಬೇಡ, ಕಮಾಂಡ್‌ಗಳು ಹೆಚ್ಚುಕಡಿಮೆ ಅವೇ.

ಎಲ್ಲರಿಗೂ ಅವರವರೇ ಇಳಿಸಿಕೊಳ್ಳಲು ಬಿಟ್ಟಿಲ್ಲ. ಹೊರಗೆ ಹೋಗುವ ಐಪಿ ವಿಳಾಸ ಒಂದೇ, ಎಲ್ಲರೂ ಒಟ್ಟಿಗೆ ಕೇಳಿದರೆ ಕಂಟೇನರ್ ಕೊಡುವ ರಿಜಿಸ್ಟ್ರಿಗಳು ತಡೆಯುತ್ತವೆ. ಜೊತೆಗೆ ಅಪ್ಟೈನರ್ ತನ್ನ ಕ್ಯಾಶ್ ಅನ್ನು ಹೋಮ್ ಫೋಲ್ಡರ್‌ನಲ್ಲಿ ತುಂಬುತ್ತದೆ, ಕೋಟಾ ಮುಗಿದಾಗ ಯಾಕೆ ಅಂತ ಯಾರಿಗೂ ಹೊಳೆಯುವುದಿಲ್ಲ. ಒಂದು ಸಲ ಇಳಿಸಿ, ಹಂಚಿಕೆಯ ಫೋಲ್ಡರ್‌ನಲ್ಲಿ ಓದಲು ಮಾತ್ರ ಇಟ್ಟಿದ್ದೇವೆ. ಪ್ರತಿ ಫೈಲಿನ ಹೆಸರಲ್ಲೇ ಆವೃತ್ತಿ ಸಂಖ್ಯೆ ಇದೆ. ಲೇಟೆಸ್ಟ್ ಅನ್ನುವ ಟ್ಯಾಗ್ ಇಲ್ಲಿ ನಿಷಿದ್ಧ. ಇವತ್ತಿನ ಲೇಟೆಸ್ಟ್ ಮುಂದಿನ ವರ್ಷ ಬೇರೆಯೇ ಆಗಿರುತ್ತದೆ.

ಈ ಭಾಗದಲ್ಲಿ ಬಿಡಿಸಿದ ಗಂಟು ಒಂದು. ಗುಣಮಟ್ಟದ ವರದಿಗಳನ್ನು ಒಟ್ಟುಗೂಡಿಸುವ ಮಲ್ಟಿಕ್ಯೂಸಿ ಕಂಟೇನರ್ ಎಲ್ಲರಿಗೂ ಕೆಲಸ ಮಾಡುತ್ತಿತ್ತು, ಒಬ್ಬರಿಗೆ ಮಾತ್ರ ಪೈಥಾನ್ ದೋಷ. ಅದೇ ಸಿಫ್ ಫೈಲು, ಅದೇ ನೋಡ್, ಅದೇ ಡೇಟಾ. ಕಂಟೇನರ್ ಅಂದರೆ ಎಲ್ಲರಿಗೂ ಒಂದೇ ಅಂತ ಈಗಷ್ಟೇ ಹೇಳಿಕೊಟ್ಟಿದ್ದೆವು, ಅಲ್ವಾ? ದೋಷದ ಸಂದೇಶದಲ್ಲಿನ ಪಾತ್ ಓದಿದಾಗ ಕಾರಣ ಸಿಕ್ಕಿತು. ದೋಷ ಕೊಟ್ಟ ಲೈಬ್ರರಿ ಕಂಟೇನರ್ ಒಳಗಿನದ್ದಲ್ಲ, ಅವರ ಹೋಮ್‌ನೊಳಗಿನ ಲೋಕಲ್ ಫೋಲ್ಡರ್‌ದು. ಹಿಂದೆ ಪಿಪ್‌ನಿಂದ ತಮ್ಮ ಹೆಸರಿಗೆ ಹಾಕಿಕೊಂಡಿದ್ದ ಹಳೇ ಪ್ಯಾಕೇಜ್. ಅಪ್ಟೈನರ್ ಹೋಮ್ ಫೋಲ್ಡರನ್ನು ತಾನಾಗಿಯೇ ಕಂಟೇನರ್ ಒಳಗೆ ತರುತ್ತದೆ. ಒಳಗಿನ ಪೈಥಾನ್ ಆವೃತ್ತಿಯೂ ಹೊರಗಿನ 3.9 ಆಗಿದ್ದರಿಂದ ಅದು ಆ ಫೋಲ್ಡರನ್ನು ಮೊದಲು ನೋಡಿತು. ಆರ್ ಭಾಷೆಯ ಪ್ಯಾಕೇಜ್‌ಗಳಿಗೂ ಇದೇ ಗತಿ.

ಪರಿಸರದ ವೇರಿಯಬಲ್‌ಗಳನ್ನು ಖಾಲಿ ಮಾಡುವ ಕ್ಲೀನ್‌ಎನ್‌ವಿ ಆಯ್ಕೆಯಿಂದ ಇದು ಸರಿಹೋಗುವುದಿಲ್ಲ, ಫೋಲ್ಡರ್ ಅಲ್ಲೇ ಇರುತ್ತದೆ. ಹೋಮ್ ತರಬೇಡ ಅನ್ನುವ ಆಯ್ಕೆ ಕೊಟ್ಟು, ಬೇಕಾದ ಡೇಟಾ ಫೋಲ್ಡರ್‌ಗಳನ್ನು ಮಾತ್ರ ಬೈಂಡ್ ಮಾಡಬೇಕು. ಕೆಲಸ ನಡೆಸುವ ಜಾಗವೂ ಹೋಮ್‌ನ ಹೊರಗಿರಬೇಕು. ಬಳಕೆದಾರರ ಪೈಥಾನ್ ಫೋಲ್ಡರನ್ನು ನೋಡಬೇಡ ಅನ್ನುವ ವೇರಿಯಬಲ್ ಅನ್ನೂ ಸೇರಿಸಿದೆವು. ನಮ್ಮ ಸ್ಕ್ರಿಪ್ಟ್ ಮಾದರಿಯಲ್ಲಿ ಈಗ ಇವು ಮೊದಲಿನಿಂದಲೇ ಇರುತ್ತವೆ.

ಡೇಟಾ, ಮೊದಲ ಗಂಟೆಯಿಂದಲೇ

ಸಂಶೋಧನಾ ಡೇಟಾ ನಿರ್ವಹಣೆಯನ್ನು ಕೊನೆಯ ದಿನ ಊಟವಾದ ಮೇಲೆ ಸ್ಲೈಡ್ ತೋರಿಸಿ ಮುಗಿಸುವುದು ಎಷ್ಟೋ ಕಡೆಯ ರೂಢಿ. ನನಗೆ ಅದು ಸ್ವಲ್ಪವೂ ಒಪ್ಪಿಗೆಯಿಲ್ಲ. ಕ್ಲಸ್ಟರ್‌ನ ಫೋಲ್ಡರ್‌ಗಳಲ್ಲೇ ಅದನ್ನು ಕಟ್ಟಿಬಿಟ್ಟರೆ ಬೇರೆ ಪಾಠವೇ ಬೇಡ. ಪ್ರತಿ ಪ್ರಾಜೆಕ್ಟ್‌ಗೆ ಕಚ್ಚಾ ಡೇಟಾ, ಸ್ಕ್ರಿಪ್ಟ್, ಕಂಟೇನರ್ ಪಟ್ಟಿ, ಫಲಿತಾಂಶ ಅಂತ ನಾಲ್ಕು ಜಾಗ. ಹೊಸ ಪ್ರಾಜೆಕ್ಟ್ ಶುರು ಮಾಡುವ ಕಮಾಂಡ್ ಇವನ್ನು ತಾನೇ ಮಾಡಿಕೊಡುತ್ತದೆ, ಜೊತೆಗೆ ಖಾಲಿ ರೀಡ್‌ಮಿ ಕೂಡ. ರೀಡ್‌ಮಿ ತುಂಬದೆ ಜಾಬ್ ಹಾಕಲು ಬಿಡುವುದಿಲ್ಲ. ಯಾವ ಗಿಡ, ಯಾವ ಅಂಗಾಂಶ, ಯಾವ ದಿನ ತೆಗೆದದ್ದು, ಯಾವ ಕಿಟ್, ಯಾವ ಯಂತ್ರದಲ್ಲಿ ಓದಿಸಿದ್ದು. ಕನ್ನಡದಲ್ಲಿ ಬರೆದರೂ ಸರಿ. ಫೈಲಿನ ಹೆಸರಲ್ಲಿ ಮಾತ್ರ ಜಾಗ ಬಿಡಬಾರದು, ದಿನಾಂಕ ವರ್ಷದಿಂದ ಶುರುವಾಗಬೇಕು.

ಕಚ್ಚಾ ಡೇಟಾ ಉಳಿಸುವ ವಿಷಯದಲ್ಲಿ ಒಂದು ತಿಳುವಳಿಕೆ ಎಲ್ಲರಿಗೂ ಹೊಸದು. ಫೈಲಿಗೆ ಓದಲು ಮಾತ್ರ ಪರ್ಮಿಷನ್ ಕೊಟ್ಟರೆ ಅದು ಸುರಕ್ಷಿತ ಅಂತ ಅಂದುಕೊಂಡಿರುತ್ತಾರೆ. ತರಗತಿಯಲ್ಲಿ ಅಂಥ ಒಂದು ಫೈಲನ್ನು ಕಣ್ಣೆದುರೇ ಅಳಿಸಿಸುತ್ತೇವೆ, ಅಳಿಯುತ್ತದೆ. ಲಿನಕ್ಸ್‌ನಲ್ಲಿ ಫೈಲು ಅಳಿಸಲು ಬೇಕಾದದ್ದು ಅದಿರುವ ಫೋಲ್ಡರ್‌ನಲ್ಲಿ ಬರೆಯುವ ಅಧಿಕಾರ, ಫೈಲಿನದ್ದಲ್ಲ. ಹಾಗಾಗಿ ಕಚ್ಚಾ ಫೋಲ್ಡರ್‌ನ ಮಾಲೀಕತ್ವ ಒಂದು ಬೇರೆ ಅಕೌಂಟ್‌ನದ್ದು. ಕಲಿಯುವವರಿಗೆ ಗುಂಪಿನ ಮೂಲಕ ಓದುವ ಅಧಿಕಾರ ಮಾತ್ರ. ಅದರ ಮೇಲೆ ಹೆಡ್ ನೋಡ್‌ನಲ್ಲಿ ಫೈಲುಗಳಿಗೆ ಬದಲಾಯಿಸಲಾಗದ ಗುರುತನ್ನೂ ಹಾಕಿದ್ದೇವೆ. ಡೇಟಾ ಬಂದ ಕೂಡಲೇ ಶಾ-256 ಚೆಕ್‌ಸಮ್ ತೆಗೆದು ಪಕ್ಕದಲ್ಲಿ ಇಡುತ್ತೇವೆ. ಒಂದು ಪ್ರತಿ ಹೊರಗಿನ ಡಿಸ್ಕ್‌ನಲ್ಲಿ, ಒಂದು ಬೇರೆ ಕಟ್ಟಡದಲ್ಲಿ. ರೇಡ್ 1 ಬ್ಯಾಕಪ್ ಅಲ್ಲ ಅನ್ನುವುದನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಒಂದು ಡಿಸ್ಕ್‌ನಲ್ಲಿ ಅಳಿಸಿದ್ದು ಆ ಕ್ಷಣವೇ ಇನ್ನೊಂದರಲ್ಲೂ ಅಳಿಯುತ್ತದೆ.

ಎಕ್ಸೆಲ್ ಬಗ್ಗೆ ಒಂದು ಮಾತು. ಸೆಪ್ಟ್2, ಮಾರ್ಚ್1 ಅನ್ನುವ ಜೀನ್‌ಗಳ ಹೆಸರನ್ನು ಅದು ದಿನಾಂಕ ಮಾಡಿಬಿಡುತ್ತಿತ್ತು. ಜೀನ್ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಕೊಟ್ಟ ಪ್ರಬಂಧಗಳನ್ನು 2016ರಲ್ಲಿ ಪರೀಕ್ಷಿಸಿದಾಗ ಸುಮಾರು ಐದರಲ್ಲಿ ಒಂದರಲ್ಲಿ ಇಂಥ ದೋಷ ಸಿಕ್ಕಿತು. ಕಡೆಗೆ 2020ರಲ್ಲಿ ಮಾನವ ಜೀನ್‌ಗಳ ಹೆಸರಿಡುವ ಸಮಿತಿಯೇ ಹೆಸರುಗಳನ್ನು ಸೆಪ್ಟಿನ್2, ಮಾರ್ಚ್‌ಎಫ್1 ಅಂತ ಬದಲಿಸಿತು. ಹಳೇ ಡೇಟಾದಲ್ಲಿ ಹಳೇ ಹೆಸರು ಇನ್ನೂ ಇದೆ. ಹಾಗಾಗಿ ಸ್ಯಾಂಪಲ್ ಪಟ್ಟಿ ಟ್ಯಾಬ್ ಇಟ್ಟ ಸಾದಾ ಪಠ್ಯದಲ್ಲಿ ಇರುತ್ತದೆ.

ಇಷ್ಟೆಲ್ಲ ಕಟ್ಟುನಿಟ್ಟು ತರಗತಿಗೆ ಮಾತ್ರ ಅಂದುಕೊಳ್ಳಬೇಡಿ. ಡೇಟಾ ಹುಡುಕಲು, ಪಡೆಯಲು, ಹೊಂದಿಸಲು, ಮತ್ತೆ ಬಳಸಲು ಬರಬೇಕು ಅನ್ನುವ ಫೇರ್ ತತ್ವಗಳು 2016ರಲ್ಲಿ ಬಂದವು. ಸರ್ಕಾರದ ಹಣದಲ್ಲಿ ಹುಟ್ಟಿದ ಜೈವಿಕ ಡೇಟಾ ಹಂಚಿಕೆಗೆ 2021ರಲ್ಲಿ ಬಯೋಟೆಕ್-ಪ್ರೈಡ್ ಮಾರ್ಗಸೂಚಿ ಬಂತು. 2022ರ ನವೆಂಬರ್‌ನಲ್ಲಿ ಫರೀದಾಬಾದ್‌ನಲ್ಲಿ ಭಾರತೀಯ ಜೈವಿಕ ಡೇಟಾ ಕೇಂದ್ರ ಶುರುವಾಯಿತು. ಜೀನೋಮ್ ಇಂಡಿಯಾದ ಡೇಟಾ ಇರುವುದು ಅಲ್ಲೇ. ಇಂಥ ಕೇಂದ್ರಕ್ಕೆ ಡೇಟಾ ಒಪ್ಪಿಸುವ ದಿನ ಕೇಳುವ ವಿವರಗಳು ಹೆಚ್ಚುಕಡಿಮೆ ನಮ್ಮ ರೀಡ್‌ಮಿಯಲ್ಲಿ ಇರುವಂಥವೇ. ಎರಡು ವರ್ಷ ಬಿಟ್ಟು ನೆನಪಿನಿಂದ ತುಂಬುವ ವಿವರ ಅದಲ್ಲ.

ಅಳಿಸಿ ಮತ್ತೆ ಕಟ್ಟುವುದು

ತರಬೇತಿಯ ಕೊನೆಯ ಕೆಲಸ ಇದು. ಎಲ್ಲರೂ ಇ. ಕೋಲೈ ಕೆ-12ರ ರೀಡ್‌ಗಳನ್ನು ಅದರ 46 ಲಕ್ಷ ಬೇಸ್‌ನ ಜೀನೋಮ್‌ಗೆ ಬಿಡಬ್ಲ್ಯೂಎ ಮೆಮ್ ಅನ್ನುವ ಪ್ರೋಗ್ರಾಂನಿಂದ ಹೊಂದಿಸಿರುತ್ತಾರೆ. ಫಲಿತಾಂಶ ಫೋಲ್ಡರನ್ನು ಅವರ ಕೈಯಿಂದಲೇ ಪೂರ್ತಿ ಅಳಿಸಿಸುತ್ತೇವೆ. ಆಮೇಲೆ ಪಕ್ಕದವರ ಜೊತೆ ಜಾಗ ಬದಲಿಸಿ, ಅವರ ರೀಡ್‌ಮಿ, ಸ್ಕ್ರಿಪ್ಟ್, ಸಿಫ್ ಮಾತ್ರ ನೋಡಿಕೊಂಡು ಫಲಿತಾಂಶ ವಾಪಸ್ ತರಬೇಕು. ಬಾಯಲ್ಲಿ ಏನೂ ಕೇಳುವಂತಿಲ್ಲ.

ಮೊದಲ ಬ್ಯಾಚಿನಲ್ಲಿ ಫಲಿತಾಂಶ ಬಂತು, ಚೆಕ್‌ಸಮ್ ಯಾರದ್ದೂ ಹೊಂದಲಿಲ್ಲ. ಅದಕ್ಕೆ ಒಂದು ಕಾರಣ ಸುಲಭದ್ದು. ಬ್ಯಾಮ್ ಫೈಲಿನ ಹೆಡರ್‌ನಲ್ಲಿ ಓಡಿಸಿದ ಕಮಾಂಡ್ ಪೂರ್ತಿ ಬರೆದಿರುತ್ತದೆ, ಫೋಲ್ಡರ್ ಹೆಸರೂ ಸೇರಿ. ಬಳಕೆದಾರರು ಬದಲಾದರೆ ಪಾತ್ ಬದಲಾಗುತ್ತದೆ, ಚೆಕ್‌ಸಮ್ ಬದಲಾಗುತ್ತದೆ. ಹೆಡರ್ ಬಿಟ್ಟು, ರೀಡ್ ಹೆಸರಿನ ಪ್ರಕಾರ ಜೋಡಿಸಿ ಹೋಲಿಸಿದಾಗ ಬಹುತೇಕ ಜೋಡಿಗಳು ಹೊಂದಿದವು.

ಆದರೂ ಕೆಲವು ಹೊಂದಲಿಲ್ಲ. ಬೆರಳೆಣಿಕೆಯಷ್ಟು ರೀಡ್‌ಗಳಲ್ಲಿ ಮಾತ್ರ ಸಣ್ಣ ವ್ಯತ್ಯಾಸ. ಅದೇ ಕಂಟೇನರ್, ಅದೇ ಡೇಟಾ. ಸ್ಲರ್ಮ್ ದಾಖಲೆ ತೆಗೆದು ಎರಡೂ ಜಾಬ್‌ಗಳನ್ನು ಪಕ್ಕಪಕ್ಕ ಇಟ್ಟೆವು. ಒಬ್ಬರು 2 ಕೋರ್ ಕೇಳಿದ್ದರು, ಇನ್ನೊಬ್ಬರು ಬೇಗ ಮುಗಿಯಲಿ ಅಂತ 4 ಮಾಡಿದ್ದರು. ಕೋರ್ ಸಂಖ್ಯೆಗೂ ಫಲಿತಾಂಶಕ್ಕೂ ಏನು ಸಂಬಂಧ? ಬಿಡಬ್ಲ್ಯೂಎ ಮೆಮ್ ರೀಡ್‌ಗಳನ್ನು ಕಂತುಗಳಲ್ಲಿ ತೆಗೆದುಕೊಳ್ಳುತ್ತದೆ. ಒಂದು ಕಂತು ಅಂದರೆ ಥ್ರೆಡ್‌ಗೆ 1 ಕೋಟಿ ಬೇಸ್. ಎರಡು ಥ್ರೆಡ್ ಆದರೆ 2 ಕೋಟಿ, ನಾಲ್ಕಾದರೆ 4 ಕೋಟಿ. ಜೋಡಿ ರೀಡ್‌ಗಳ ನಡುವಿನ ಅಂತರ ಎಷ್ಟಿರಬಹುದು ಅನ್ನುವ ಅಂದಾಜನ್ನು ಪ್ರತಿ ಕಂತಿಗೂ ಹೊಸದಾಗಿ ಮಾಡುತ್ತದೆ. ಕಂತು ಬದಲಾದರೆ ಅಂದಾಜು ಒಂದಿಷ್ಟು ಬದಲಾಗುತ್ತದೆ, ಎರಡು ಜಾಗಕ್ಕೂ ಹೊಂದುವ ರೀಡ್ ಒಂದೆರಡು ಆಚೀಚೆ ಆಗುತ್ತವೆ.

ಪರಿಹಾರ ಬಿಡಬ್ಲ್ಯೂಎಯಲ್ಲೇ ಇದೆ. ದೊಡ್ಡ ಕೆ ಆಯ್ಕೆಗೆ 10 ಕೋಟಿ ಅಂತ ಕೊಟ್ಟರೆ ಥ್ರೆಡ್ ಎಷ್ಟಿದ್ದರೂ ಕಂತು ಅಷ್ಟೇ. ಆ ಆಯ್ಕೆ ಹಾಕಿ, 2 ಕೋರ್‌ನಲ್ಲೊಮ್ಮೆ 4 ಕೋರ್‌ನಲ್ಲೊಮ್ಮೆ ಓಡಿಸಿ ಹೋಲಿಸಿದರು. ಎಲ್ಲ ಸಾಲೂ ಹೊಂದಿತು. ನನ್ನ ಮಟ್ಟಿಗೆ ಇಡೀ ಕ್ಲಸ್ಟರ್ ಕಟ್ಟಿದ್ದು ಈ ಒಂದು ಗಂಟೆಗೆ ಅಂದರೂ ತಪ್ಪಿಲ್ಲ. ಕ್ಯೂನ ದಾಖಲೆ, ಕಂಟೇನರ್, ಚೆಕ್‌ಸಮ್ ಮೂರರಲ್ಲಿ ಒಂದು ಇಲ್ಲದಿದ್ದರೂ ಆ ವ್ಯತ್ಯಾಸದ ಮೂಲ ಸಿಗುತ್ತಿರಲಿಲ್ಲ. ಅದನ್ನು ಹುಡುಕಿದ್ದು ನಾನಲ್ಲ, ವಾರದ ಹಿಂದೆ ಟರ್ಮಿನಲ್ ಮುಟ್ಟದ ಇಬ್ಬರು.

ಈಗ ಮಾದರಿ ಸ್ಕ್ರಿಪ್ಟ್‌ನಲ್ಲಿ ದೊಡ್ಡ ಕೆ ಸೇರಿದೆ. ಕೋರ್ ಸಂಖ್ಯೆಯನ್ನು ಕೈಯಲ್ಲಿ ಬರೆಯುವುದಿಲ್ಲ, ಸ್ಲರ್ಮ್ ಕೊಟ್ಟಷ್ಟನ್ನೇ ಸ್ಕ್ರಿಪ್ಟ್ ಓದಿಕೊಳ್ಳುತ್ತದೆ. ಜಾಬ್ ಮುಗಿದ ಮೇಲೆ ಎಸ್‌ಅಕೌಂಟ್‌ನ ಸಾಲು ಮತ್ತು ಸಿಫ್ ಫೈಲಿನ ಚೆಕ್‌ಸಮ್ ತಾನಾಗಿ ಫಲಿತಾಂಶದ ಪಕ್ಕ ಬಂದು ಕೂರುತ್ತವೆ. ಮುಂದಿನ ಬ್ಯಾಚಿಗೆ ಇ. ಕೋಲೈ ಜೊತೆ ರಾಗಿಯ ಒಂದು ತುಣುಕನ್ನೂ ಕೊಡುವ ಯೋಚನೆ ಇದೆ. ರಾಗಿಯ ಜೀನೋಮ್ ಸುಮಾರು 120 ಕೋಟಿ ಬೇಸ್, ಅದರ ಪ್ರತಿ ಜೀವಕೋಶದಲ್ಲಿ ವರ್ಣತಂತುಗಳ ನಾಲ್ಕು ಗುಂಪು, ಒಟ್ಟು 36. ಒಂದಕ್ಕೊಂದು ಹೋಲುವ ಜಾಗಗಳು ಜಾಸ್ತಿ, ಹಾಗಾಗಿ ಆಚೀಚೆ ಆಗುವ ರೀಡ್‌ಗಳೂ ಜಾಸ್ತಿ ಸಿಗಬೇಕು. ಅದಕ್ಕೆ ಮೊದಲು ಹೆಡ್ ನೋಡ್‌ಗೆ ಇನ್ನೊಂದು ಜೊತೆ ಡಿಸ್ಕ್ ಹಾಕಬೇಕು, ಮೂರೂ ನೋಡ್‌ಗಳಿಗೆ ಯುಪಿಎಸ್ ತರಬೇಕು.